ತುಂಗೆಯ ದಂಡೆಯ ದಾರಿಯೂ ಹೊಸ ಮೋಟಾರು ಸೈಕಲ್ಲೂ

ಶಿವಮೊಗ್ಗೆಯಿಂದ ಶೃಂಗೇರಿಗೆ ಹೋಗತಕ್ಕವರಿಗೆ ಮಾರ್ಗಗಳು ಒಂದೆರಡಿದ್ದರೂ, ತೀರ್ಥಹಳ್ಳಿ ಕೊಪ್ಪಗಳ ಮೇಲೆ ಹಾಯುವ ದಾರಿಯೇ ನಮಗೆ ಹೆಚ್ಚು ಪ್ರಿಯವಾದುದು. ನೂರು ಕಿಲೋಮೀಟರಿಗೆ ಮೇಲ್ಪಟ್ಟ ಈ ದಾರಿಯ ಪೂರ್ವಾರ್ಧದಲ್ಲಿ ತುಂಗಾನದಿಯು ಪ್ರಯಾಣಿಕನ ಸಂಗವನ್ನು ಬಹುಮಟ್ಟಿಗೆ ಬಿಡುವುದಿಲ್ಲ. ಊರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿಯೇ ಗಾಜನೂರಿನ ಅಣೆಕಟ್ಟು. ಅದರ ಹಿನ್ನೀರಿಗೆ ಹತ್ತಿಕೊಂಡಂತೆ ಸಕ್ರೆಬೈಲಿನ ಆನೆಬಿಡಾರ. ಬೆಳಗಿನ ಹೊತ್ತು ಹೋದರೆ ಆನೆಗಳ ಜಲಕ್ರೀಡೆಯನ್ನು ಕಣ್ಣಾರೆ ಕಾಣಬಹುದು. ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಮಂಡಗದ್ದೆ. ಇಲ್ಲಿ ಹೊಳೆಯ ನಡುವಿನ ನಡುಗಡ್ಡೆಯ ಮರಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರುವಾಗ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಗೂಡು ಕಟ್ಟುತ್ತವೆ. ದೂರದಿಂದ ನೋಡುವವರಿಗೆ ಮರಗಳೆಲ್ಲ ಬಿಳಿಯ ಹೂ ಬಿಟ್ಟಂತೆ ತೋರುವುದು.

ಇಂತಹ ದಾರಿಯಲ್ಲಿ ನಾವು ಕಳೆದ ವರ್ಷ ಆಶ್ವಯುಜ ಮಾಸದಲ್ಲಿ ಸೋದರಳಿಯನ ಮೋಟಾರು ಸೈಕಲ್ಲಿನ ಹಿಂದಿನ ಪೀಠದಲ್ಲಿ ಕುಳಿತು ಪ್ರಯಾಣ ಮಾಡಿದೆವು. ನಮ್ಮ ತಂಗಿಯು ತೀರಿಕೊಂಡು ವರ್ಷ ತುಂಬಿತ್ತು. ಮೊದಲ ವರ್ಷದ ಶ್ರಾದ್ಧವನ್ನು ಶೃಂಗೇರಿಯಲ್ಲಿ, ತುಂಗೆಯ ತೀರದಲ್ಲಿಯೇ ಮಾಡಬೇಕೆಂಬುದು ಅವಳ ಮಗನ ಸಂಕಲ್ಪ. ವಾಹನವು ಅವನು ನಾಲ್ಕು ತಿಂಗಳ ಹಿಂದೆ ಕೊಂಡದ್ದು, ಸಾಲದಿಂದ ಕೊಂಡದ್ದು, ಮೂವತ್ತಾರು ಕಂತುಗಳಲ್ಲಿ ಮೂರು ಮಾತ್ರ ಸಂದಿದ್ದವು. ಅಡಕೆಯ ತೋಟಗಳಿಗೆ ಹನಿನೀರಾವರಿಯ ಕೊಳವೆಗಳನ್ನು ಹೂಡಿಸುವುದು ಅವನ ವೃತ್ತಿಯಾದ್ದರಿಂದ, ಬಸ್ಸು ಹೋಗದ ಹಳ್ಳಿಗಳೇ ಅವನಿಗೆ ಅನ್ನ ಹಾಕುವ ಹಳ್ಳಿಗಳು. ಆದಕಾರಣ ಆ ಮೋಟಾರು ಸೈಕಲ್ಲು ಅವನಿಗೆ ವಿಲಾಸದ ವಸ್ತುವಾಗಿರಲಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ತಿಥಿಯ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಮಂಡಗದ್ದೆಯನ್ನು ದಾಟಿ ಎರಡು ಮೂರು ಕಿಲೋಮೀಟರು ಹೋಗಿರಬಹುದು. ಯಾವ ಸದ್ದೂ ಸೂಚನೆಯೂ ಇಲ್ಲದೆ ಯಂತ್ರವು ಮೌನವನ್ನು ತಾಳಿತು. ಗುಂಡಿಯನ್ನು ಒತ್ತಿದರೆ ಒಳಗೆ ತಿರುಗುವ ಶಬ್ದವಾಗುವುದೇ ಹೊರತು ಹೊತ್ತಿಕೊಳ್ಳದು. ಪೆಟ್ರೋಲು ತುಂಬ ಇದ್ದಿತು. ಹುಡುಗನು ಮಗ್ಗುಲು ಕಾಲನ್ನು ಎತ್ತಿ ಇಳಿಸಿ ನೋಡಿದನು. ಈಗಿನ ಅನೇಕ ವಾಹನಗಳಲ್ಲಿ ಆ ಕಾಲು ಪೂರ್ತಿ ಮಡಿಚಿಕೊಳ್ಳದಿದ್ದರೆ ಯಂತ್ರ ಓಡದಂತೆ ಕಟ್ಟು ಮಾಡಿರುತ್ತಾರಂತೆ. ಅದರ ದೋಷವೂ ಅಲ್ಲ. ನಾವು ಹೊಳೆಯ ಕಡೆಗೆ ಮುಖ ಮಾಡಿ ಮರದ ನೆರಳಿನಲ್ಲಿ ಕುಳಿತೆವು. ಅರ್ಧ ಗಂಟೆಯ ತರುವಾಯ ಅದೇ ಗುಂಡಿಯನ್ನು ಒತ್ತಿದರೆ, ಏನೂ ನಡೆದೇ ಇಲ್ಲವೆಂಬಂತೆ ಯಂತ್ರ ಎದ್ದುನಿಂತಿತು. ತೀರ್ಥಹಳ್ಳಿಯ ಕಮಾನು ಸೇತುವೆಯನ್ನೂ ರಾಮೇಶ್ವರನ ದೇವಾಲಯದ ದಂಡೆಯನ್ನೂ ನಿಂತು ನೋಡುವ ಧೈರ್ಯ ನಮಗಾಗಲಿಲ್ಲ. ಮುಂದೆ ಕುಪ್ಪಳಿ, ಕುವೆಂಪುರವರು ಬೆಳೆದ ಮನೆಯೂ, ಅವರ ಸಮಾಧಿಯಿರುವ ಕವಿಶೈಲವೂ ಅಲ್ಲಿಯೇ ಇವೆ. ನಾವು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಾದ್ದರಿಂದ ಅಲ್ಲಿ ಇಳಿಯಬೇಕೆಂಬ ಆಸೆ ಸಹಜವೇ. ಯಂತ್ರವು ಆ ಆಸೆಯನ್ನು ತನ್ನದೇ ರೀತಿಯಲ್ಲಿ ನಡೆಯಿಸಿಕೊಟ್ಟಿತು: ಕುಪ್ಪಳಿಯನ್ನು ದಾಟಿದ ಏರಿನಲ್ಲಿ ಮತ್ತೆ ನಿಂತಿತು. ಈ ಸಲ ಮುಕ್ಕಾಲು ಗಂಟೆ ಕಾದರೂ ಏಳಲಿಲ್ಲ.

ಸಮೀಪದ ಒಂದು ಹಳ್ಳಿಯವರೆಗೆ ಇಬ್ಬರೂ ತಳ್ಳಿಕೊಂಡು ಹೋದೆವು. ಅಲ್ಲಿ ತಗಡಿನ ಮಾಡಿನ ಒಂದು ರಿಪೇರಿ ಅಂಗಡಿ. ಅಂಗಡಿಯವನು ಐವತ್ತು ದಾಟಿದವನು. ಕೈಗಳ ಗೆರೆಗಳಲ್ಲಿ ಎಣ್ಣೆಯ ಕಪ್ಪು ನಿಂತುಹೋಗಿತ್ತು. ಅವನು ವಾಹನವನ್ನು ಒಂದು ಸುತ್ತು ಬಂದು, ತಟ್ಟಿ, ಕಿವಿಗೊಟ್ಟು ಆಲಿಸಿ, ಕೈಯನ್ನು ಬಟ್ಟೆಗೆ ಒರಸಿಕೊಂಡುಬಿಟ್ಟನು. “ಇದು ಕಂಪ್ಯೂಟರಿನ ಗಾಡಿ ಸ್ವಾಮಿ. ನಾನು ಬಿಚ್ಚಿದರೆ ನಿಮ್ಮ ವಾರಂಟಿ ಹೋಯಿತು ಅನ್ನುತ್ತಾರೆ. ಬಿಚ್ಚಿದರೂ ಅದರ ಮಾತು ಕೇಳಿಸಿಕೊಳ್ಳುವ ಪೆಟ್ಟಿಗೆ ನನ್ನ ಹತ್ತಿರ ಇಲ್ಲ” ಎಂದನು. ವಾಹನವನ್ನು ತನ್ನ ಅಂಗಡಿಯ ಒಳಗಿಟ್ಟುಕೊಂಡು, ಒಂದು ಕಾಸನ್ನೂ ತೆಗೆದುಕೊಳ್ಳದೆ ನಮ್ಮನ್ನು ಬಸ್ಸು ಹತ್ತಿಸಿದನು.

ಅವನ ಮಾತು ನಿಜ. ನಾವು ಮೈಸೂರಿನಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ಆ ಊರಿನ ಬೀದಿಗಳಲ್ಲೆಲ್ಲ ಆ ಊರಿನಲ್ಲಿಯೇ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ಸದ್ದೇ ಸದ್ದು. ೧೯೬೧ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಆ ವಾಹನಗಳು ಕೆಡುತ್ತಿರಲಿಲ್ಲವೆಂದಲ್ಲ, ಧಾರಾಳವಾಗಿ ಕೆಡುತ್ತಿದ್ದವು. ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಕಿಡಿ ಹೊತ್ತಿಸುವ ಪ್ಲಗ್ಗಿಗೆ ಎಣ್ಣೆಯ ಮಸಿ ಹಿಡಿದರೆ ಬಿಚ್ಚಿ ಉಜ್ಜುಕಾಗದದಿಂದ ಉಜ್ಜುವುದು. ಕಾರ್ಬುರೇಟರಿನ ಸೂಕ್ಷ್ಮರಂಧ್ರದಲ್ಲಿ ಕಸ ಸೇರಿದರೆ ಬಾಯಿಂದ ಊದುವುದು. ಈಗ ಹಾಗಿಲ್ಲ. ೨೦೨೦ರ ಏಪ್ರಿಲ್ ೧ರಿಂದ ಹೊಗೆಯ ವಿಷಯವಾಗಿ ‘ಭಾರತ್ ಸ್ಟೇಜ್ ೬’ ಎಂಬ ಕಟ್ಟುನಿಟ್ಟಾದ ನಿಯಮವು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುತೇಕವು ಕಾರ್ಬುರೇಟರನ್ನು ಬಿಟ್ಟುಕೊಟ್ಟಿವೆ. ಪೆಟ್ರೋಲನ್ನು ಎಷ್ಟು, ಯಾವ ಕ್ಷಣದಲ್ಲಿ ಸಿಂಪಡಿಸಬೇಕು, ಕಿಡಿಯನ್ನು ಯಾವಾಗ ಹಾರಿಸಬೇಕು ಎಂಬುದನ್ನೆಲ್ಲ ಒಂದು ಸಣ್ಣ ಗಣಕವು ತೀರ್ಮಾನಿಸುತ್ತದೆ. ಅದಕ್ಕೆ ಸುದ್ದಿಯನ್ನು ಮುಟ್ಟಿಸುವ ಸೆನ್ಸರುಗಳೆಂಬ ದೂತರು ಯಂತ್ರದ ಅಲ್ಲಲ್ಲಿ ಕುಳಿತಿರುತ್ತಾರೆ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ಅದನ್ನು ಹಳಿಯುವವರ ಪಂಕ್ತಿಯಲ್ಲಿ ನಾವಿಲ್ಲ. ಆದರೆ ದಾರಿಯುದ್ದಕ್ಕೂ ಹರಡಿಕೊಂಡಿದ್ದ ಒಂದು ವಿದ್ಯೆಯು ಪಟ್ಟಣದ ಒಂದೇ ಬಾಗಿಲಿನ ಹಿಂದೆ ಹೋಗಿ ಕುಳಿತಿತು. ಆ ಬಾಗಿಲು ತೆರೆದಷ್ಟೇ ಪ್ರಯಾಣಿಕನ ಭಾಗ್ಯ.

ಶೃಂಗೇರಿಯನ್ನು ಮುಟ್ಟಿದಾಗ ರಾತ್ರಿ ಒಂಬತ್ತು. ಪೂರ್ವದಿನದ ಏಕಭುಕ್ತದ ನಿಯಮದಂತೆ ಹುಡುಗನಿಗೆ ಇದ್ದದ್ದು ಮಧ್ಯಾಹ್ನದ ಊಟವೊಂದೇ. ಅದು ರಸ್ತೆಯಲ್ಲಿಯೇ ಕಳೆದುಹೋಗಿತ್ತು. ಅವನು ಏನೂ ಆಡಲಿಲ್ಲ. ಮರುದಿನ ಹೊಳೆಯಲ್ಲಿ ಮಿಂದು, ವಿಧಿಪೂರ್ವಕವಾಗಿ ತಾಯಿಯ ಕರ್ಮವನ್ನು ನೆರವೇರಿಸಿದನು. ಸಂಜೆ ವಿದ್ಯಾಶಂಕರ ದೇವಾಲಯಕ್ಕೆ ಹೋದೆವು. ಹದಿನಾಲ್ಕನೆಯ ಶತಮಾನದ ಈ ಶಿಲಾಮಂದಿರದ ಮಂಟಪದಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳುಳ್ಳ ಹನ್ನೆರಡು ಕಂಬಗಳಿವೆ. ಆಯಾ ಮಾಸದಲ್ಲಿ ಸೂರ್ಯನ ಕಿರಣವು ಆಯಾ ರಾಶಿಯ ಕಂಬದ ಮೇಲೆ ಬೀಳುವುದೆಂದು ಪ್ರತೀತಿ. ಹುಡುಗನು ಒಂದೊಂದು ಕಂಬವನ್ನೂ ಮುಟ್ಟಿ ನೋಡಿ, “ಇದನ್ನು ಕಟ್ಟಿದವರು ಬಿಡಿಭಾಗಕ್ಕೆ ಎಲ್ಲಿಗೆ ಬರೆದುಕೊಳ್ಳುತ್ತಿದ್ದರೋ” ಎಂದನು. ಆ ಎರಡು ದಿನಗಳಲ್ಲಿ ಅವನು ನಕ್ಕದ್ದು ಅದೊಂದು ಸಲವೇ.

ಹಿಂದಿರುಗಿದ ಮೇಲೆ ವಾಹನವನ್ನು ಒಂದು ಸಾಮಾನಿನ ಗಾಡಿಯಲ್ಲಿ ಹಾಕಿಸಿಕೊಂಡು ಅದನ್ನು ಮಾರಿದ ವ್ಯಾಪಾರಿಯ ಶಾಲೆಗೆ ಒಯ್ದೆವು. ಗಾಜಿನ ಗೋಡೆಗಳ, ತಣ್ಣನೆಯ ಗಾಳಿಯ ಭವನ. ಕೊಳ್ಳುವವರು ಕುಳಿತುಕೊಳ್ಳುವ ಭಾಗದಲ್ಲಿ ಮೆತ್ತೆಯ ಪೀಠ, ಕೊಂಡವರು ಕುಳಿತುಕೊಳ್ಳುವ ಭಾಗದಲ್ಲಿ ಕಬ್ಬಿಣದ ಬೆಂಚು. ಆರು ದಿನಗಳ ತರುವಾಯ ಉತ್ತರ ಬಂದಿತು: ಪೆಟ್ಟಿಗೆಯನ್ನು ಜೋಡಿಸಿ ನೋಡಿದೆವು, ಯಾವ ದೋಷವೂ ಕಾಣಲಿಲ್ಲ, ತೆಗೆದುಕೊಂಡು ಹೋಗಬಹುದು. ತೆಗೆದುಕೊಂಡು ಹೋದನು, ಎರಡನೆಯ ದಿನ ಒಂದು ತೋಟದ ದಾರಿಯಲ್ಲಿ ನಿಂತಿತು. ಮತ್ತೆ ಅಲ್ಲಿಗೆ, ಮತ್ತೆ ಐದು ದಿನ, ಮತ್ತೆ ಅದೇ ಉತ್ತರ.

ಇಲ್ಲಿ ನಮ್ಮ ಹಳೆಯ ಓದು ಸ್ವಲ್ಪ ಪ್ರಯೋಜನಕ್ಕೆ ಬಂದಿತು. ಕಾಣದಿರುವಿಕೆಯೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ. ಅದಕ್ಕೆ ಅನುಪಲಬ್ಧಿಯೆಂದು ಹೆಸರು. ಆದರೆ ಅವರು ಅದಕ್ಕೊಂದು ಕಟ್ಟಳೆಯನ್ನು ಹಾಕಿದ್ದಾರೆ: ವಸ್ತುವು ಇದ್ದಿದ್ದರೆ ಕಾಣಲೇಬೇಕಾಗಿದ್ದಂತಹ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ವ್ಯಾಪಾರಿಯ ಶಾಲೆಯವರು ತಂಪಾದ ಕೊಠಡಿಯಲ್ಲಿ, ತಣ್ಣಗಿದ್ದ ಯಂತ್ರವನ್ನು ಹತ್ತು ನಿಮಿಷ ಓಡಿಸಿ ನೋಡುತ್ತಿದ್ದರು. ನಿಂತದ್ದೆಲ್ಲ ಮುಕ್ಕಾಲು ಗಂಟೆಯ ಓಟದ ಮೇಲೆ, ಯಂತ್ರ ಕಾದ ಮೇಲೆ. ಕಾದಾಗ ನಿಲ್ಲುವುದು, ಆರಿದಾಗ ಏಳುವುದು, ಅನ್ವಯವ್ಯತಿರೇಕಗಳೆರಡೂ ಇದ್ದವು. ಅವರು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿ ಇಲ್ಲವೆಂದಿದ್ದರು.

ಹುಡುಗನಿಗೆ ಒಂದು ಪುಸ್ತಕವನ್ನು ಕೊಟ್ಟು, ನಿಂತ ದಿನ, ಸ್ಥಳ, ಓಡಿದ ಕಿಲೋಮೀಟರು, ಓಡಿದ ನಿಮಿಷ, ಮತ್ತೆ ಎದ್ದದ್ದಕ್ಕೆ ಹಿಡಿದ ಹೊತ್ತು ಇವನ್ನೆಲ್ಲ ಬರೆಯಿಸಿದೆವು. ನಿಂತಾಗ ಮುಂದಿನ ಫಲಕದ ದೀಪಗಳು ಹೇಗಿರುವುವೆಂಬುದನ್ನು ಅವನು ಮೊಬೈಲಿನಲ್ಲಿ ಚಿತ್ರಿಸಿಕೊಂಡನು. ಅವೆಲ್ಲವನ್ನೂ ಒಂದು ಕಾಗದದಲ್ಲಿ ಅಡಕಮಾಡಿ, ಸಹಿ ಹಾಕಿಸಿಕೊಂಡು ಒಂದು ಪ್ರತಿಯನ್ನು ಹಿಂದಕ್ಕೆ ಪಡೆದೆವು. ಅಲ್ಲಿಯ ತರುಣ ಯಂತ್ರಕುಶಲಿಯೊಬ್ಬನು ಒಳ್ಳೆಯವನು. ಅವನು ಮೇಲಿನವರನ್ನು ಒಪ್ಪಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ತಾನೇ ವಾಹನವನ್ನೇರಿ ತೀರ್ಥಹಳ್ಳಿಯ ದಾರಿ ಹಿಡಿದನು. ಮಂಡಗದ್ದೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಅದು ಅವನ ಕೈಯಲ್ಲಿಯೇ ನಿಂತಿತು. ಪುಣ್ಯಾತ್ಮನು ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗಿದ್ದನು. ಅಲ್ಲಿಯೇ ಜೋಡಿಸಿ ಕಳ್ಳನನ್ನು ಹಿಡಿದನು.

ಯಂತ್ರದ ಮುಖ್ಯ ದಂಡವು ಯಾವ ಕ್ಷಣದಲ್ಲಿ ಯಾವ ಸ್ಥಾನದಲ್ಲಿದೆಯೆಂದು ಗಣಕಕ್ಕೆ ತಿಳಿಸುವ ಸೆನ್ಸರು ಅದು. ಹೆಬ್ಬೆರಳಿನಷ್ಟು ಗಾತ್ರ, ಒಳಗೆ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ. ಕಾದಾಗ ತಂತಿಯು ಎಲ್ಲಿಯೋ ಬಿಟ್ಟುಕೊಳ್ಳುವುದು, ಆರಿದಾಗ ಕೂಡಿಕೊಳ್ಳುವುದು. ಸುದ್ದಿ ನಿಂತೊಡನೆ ಗಣಕವು ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುವುದು. ರೋಗ ಗೊತ್ತಾಯಿತು, ಔಷಧವು ಆ ಅಂಗಡಿಯಲ್ಲಿರಲಿಲ್ಲ. ಹೊಸ ಮಾದರಿಯ ವಾಹನವಾದ್ದರಿಂದ ಬಿಡಿಭಾಗವು ಹೊರರಾಜ್ಯದಿಂದ ಬರಬೇಕಾಗಿತ್ತು. ನಾಳೆ, ನಾಡಿದ್ದು, ಸೋಮವಾರ ಎಂದು ಹತ್ತೊಂಬತ್ತು ದಿನ ಕಳೆದವು. ಈ ನಡುವೆ ನಾಲ್ಕನೆಯ ಕಂತು, ಐದನೆಯ ಕಂತು ತಪ್ಪದೆ ಸಂದವು. ಬ್ಯಾಂಕಿನ ಯಂತ್ರಕ್ಕೆ ಕಾವೂ ಇಲ್ಲ, ನಿಲುಗಡೆಯೂ ಇಲ್ಲ. ಹುಡುಗನು ಬಸ್ಸು ಹೋದಷ್ಟು ದೂರ ಬಸ್ಸಿನಲ್ಲಿ ಹೋಗಿ ಉಳಿದದ್ದನ್ನು ನಡೆದನು. ಎರಡು ತೋಟಗಳ ಕೆಲಸ ಬೇರೆಯವರ ಪಾಲಾಯಿತು.

ಹದಿನಾಲ್ಕನೆಯ ದಿನ ನಾವು ಎರಡನೆಯ ಕಾಗದವನ್ನು ಬರೆದೆವು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಅದರಂತೆ ಗ್ರಾಹಕನು ವಸ್ತುವನ್ನು ಕೊಂಡ ಊರಿಗೆ ಓಡಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರನ್ನು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ಕೊಡಬೇಕು. ೧೯೧೫ ಎಂಬ ದೂರವಾಣಿ ಸಂಖ್ಯೆಗೆ ಹೇಳಿಕೊಂಡರೆ ಮೊದಲ ಹೆಜ್ಜೆಗೆ ಸಹಾಯ ದೊರೆಯುವುದು. ಇದನ್ನೆಲ್ಲ ಬೆದರಿಕೆಯ ಮಾತಿಲ್ಲದೆ, ದಿನಾಂಕಗಳ ಪಟ್ಟಿಯೊಡನೆ ತಯಾರಕರಿಗೂ ವ್ಯಾಪಾರಿಗೂ ತಿಳಿಸಿದೆವು. ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಐದನೆಯ ದಿನ ಸೆನ್ಸರು ಬಂದಿತು. ಅದನ್ನು ಹೂಡುವುದಕ್ಕೆ ಹಿಡಿದದ್ದು ಒಂದು ಗಂಟೆಗೂ ಕಡಿಮೆ. ವಾರಂಟಿಯ ಅವಧಿಯನ್ನು ವಾಹನವು ಅಲ್ಲಿ ನಿಂತಿದ್ದ ದಿನಗಳಷ್ಟು ಮುಂದಕ್ಕೆ ಹಾಕಬೇಕೆಂದು ಕೇಳಿದೆವು. ಮೂವತ್ತು ದಿನ ಹಾಕಿ ಬರೆದುಕೊಟ್ಟರು.

ಪುಷ್ಯ ಮಾಸದಲ್ಲಿ ಹುಡುಗನು ನಮ್ಮನ್ನು ಮತ್ತೊಮ್ಮೆ ಆ ದಾರಿಯಲ್ಲಿ ಕರೆದುಕೊಂಡು ಹೋದನು. ಕುಪ್ಪಳಿಯಲ್ಲಿ ಇಳಿದು ಕವಿಶೈಲವನ್ನು ಹತ್ತಿದೆವು. ಅಲ್ಲಿಂದ ಮುಂದೆ ಆ ಹಳ್ಳಿಯ ರಿಪೇರಿಯವನ ಅಂಗಡಿಗೂ ಹೋಗಿದ್ದೆವು. ಅವನು ತೆಗೆದಿಟ್ಟಿದ್ದ ಹಳೆಯ ಸೆನ್ಸರನ್ನು ಹುಡುಗನ ಕೈಯಿಂದ ಇಸಿದುಕೊಂಡು, ಬಿಸಿನೀರಿನ ಲೋಟದಲ್ಲಿ ಅದ್ದಿ, ಸಣ್ಣದೊಂದು ಮಾಪಕದಿಂದ ಮುಟ್ಟಿಸಿ ನೋಡಿದನು. ಮುಳ್ಳು ಅಲುಗಲಿಲ್ಲ. “ಇಷ್ಟೇ ನೋಡಿ” ಎಂದು ಅದನ್ನು ತನ್ನ ಕಪಾಟಿನಲ್ಲಿಟ್ಟುಕೊಂಡು, ಆ ಮಾದರಿಯ ಹೊಸದೊಂದನ್ನು ಎಲ್ಲಿಂದ ತರಿಸಬಹುದೆಂದು ಹುಡುಗನನ್ನು ಕೇಳತೊಡಗಿದನು.