ಗಳಿಗೆಗಳ ಲೆಕ್ಕ

ಸುಖವಾಗಿದ್ದೀರಾ ಎಂದು ಮನುಷ್ಯರು ಒಬ್ಬರನ್ನೊಬ್ಬರು ದಿನಕ್ಕೆ ಹತ್ತು ಸಲವಾದರೂ ಕೇಳುತ್ತಾರೆ. ಉತ್ತರಕ್ಕಾಗಿ ನಿಂತು ಕಾಯುವವರು ಮಾತ್ರ ಅಪರೂಪ. ಹಾಗೆ ನಿಂತು, ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಂಡು, ಅದರ ಲೆಕ್ಕದಲ್ಲಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಮನಶ್ಶಾಸ್ತ್ರಜ್ಞರೊಬ್ಬರಿದ್ದರು. ಅವರ ಹೆಸರು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. ಹಂಗೇರಿಯ ಈ ಹೆಸರು ಕನ್ನಡದ ನಾಲಗೆಗೆ ಸುಲಭವಾಗಿ ಒಗ್ಗುವಂಥದಲ್ಲ. ಅವರು ನೆಲೆಸಿದ ಅಮೆರಿಕದಲ್ಲಿಯೂ ಒಗ್ಗಿರಲಿಲ್ಲ. ಆದ್ದರಿಂದ ಇಲ್ಲಿ ಅವರನ್ನು ಮಿಹಾಯ್ ಎಂದಷ್ಟೇ ಕರೆಯುವುದು ಅನುಕೂಲ.

ಮಿಹಾಯ್ ಹುಟ್ಟಿದ್ದು 1934ರಲ್ಲಿ, ಅಂದು ಇಟಲಿಗೆ ಸೇರಿದ್ದ ಫಿಯೂಮೆ ಎಂಬ ಬಂದರು ಪಟ್ಟಣದಲ್ಲಿ. ಇಂದು ಅದು ಕ್ರೊಯೇಷಿಯಾದ ರಿಯೇಕಾ. ತಂದೆ ಹಂಗೇರಿ ಸರ್ಕಾರದ ರಾಜತಾಂತ್ರಿಕ ಅಧಿಕಾರಿ. ಮನೆಯಲ್ಲಿ ಅನುಕೂಲವಿತ್ತು, ಗೌರವವಿತ್ತು. ಎರಡನೆಯ ಮಹಾಯುದ್ಧ ಅದೆಲ್ಲವನ್ನೂ ಗುಡಿಸಿಕೊಂಡು ಹೋಯಿತು. ಮಲಸಹೋದರರಲ್ಲಿ ಒಬ್ಬರು ಬುಡಾಪೆಸ್ಟಿನ ಮುತ್ತಿಗೆಯಲ್ಲಿ ಮಡಿದರು. ಇನ್ನೊಬ್ಬರನ್ನು ಸೋವಿಯತ್ ಸೇನೆಯವರು ಸೈಬೀರಿಯದ ದುಡಿಮೆಯ ಶಿಬಿರಕ್ಕೆ ಒಯ್ದರು. ಯುದ್ಧದ ತರುವಾಯ ಹಂಗೇರಿಯಲ್ಲಿ ಕಮ್ಯುನಿಸ್ಟ್ ಆಡಳಿತ ನೆಲೆಗೊಂಡಾಗ ತಂದೆ ಹುದ್ದೆಯನ್ನು ತ್ಯಜಿಸಿದರು, ಪೌರತ್ವವನ್ನು ಕಳೆದುಕೊಂಡರು, ರೋಮ್ ನಗರದಲ್ಲಿ ಒಂದು ಊಟದ ಮನೆಯನ್ನು ತೆರೆದರು. ಹುಡುಗ ಶಾಲೆ ಬಿಟ್ಟು ಸಂಸಾರದ ಸಂಪಾದನೆಗೆ ಹೆಗಲು ಕೊಟ್ಟ.

ಈ ಹುಡುಗನ ಮನಸ್ಸಿನಲ್ಲಿ ಆಗ ನೆಟ್ಟದ್ದು ಬಡತನದ ನೋವಲ್ಲ, ಒಂದು ಆಶ್ಚರ್ಯ. ಯುದ್ಧಕ್ಕೆ ಮುಂಚೆ ಆತ್ಮವಿಶ್ವಾಸದಿಂದ ನಡೆದಾಡುತ್ತಿದ್ದ ಹಿರಿಯರು, ಉದ್ಯೋಗವೂ ಮನೆಯೂ ಹಣವೂ ಹೋದೊಡನೆ ಒಳಗಿನಿಂದಲೇ ಕುಸಿದುಬಿದ್ದುದನ್ನು ಆತ ಕಂಡಿದ್ದ. ಎಲ್ಲವನ್ನೂ ಕಳೆದುಕೊಂಡೂ ಕುಸಿಯದ ಕೆಲವರನ್ನು ಸಹ ಕಂಡಿದ್ದ. ಅವರೇನು ಹೆಚ್ಚು ಓದಿದವರಲ್ಲ, ಹೆಚ್ಚು ಬಲಶಾಲಿಗಳೂ ಅಲ್ಲ. ಹಾಗಾದರೆ ಅವರನ್ನು ಎತ್ತಿ ನಿಲ್ಲಿಸಿದ್ದು ಯಾವುದು?

ಉತ್ತರವನ್ನು ಹುಡುಕುತ್ತ ಆತ ತತ್ತ್ವಶಾಸ್ತ್ರವನ್ನು ಓದಿದ, ಕಲೆಯನ್ನು ನೋಡಿದ, ಧರ್ಮಗ್ರಂಥಗಳನ್ನು ತಿರುವಿದ. ಮನಶ್ಶಾಸ್ತ್ರವು ಎದುರಾದದ್ದು ಕೇವಲ ಆಕಸ್ಮಿಕವಾಗಿ. ಹಿಮದ ಮೇಲೆ ಜಾರುವ ಆಟಕ್ಕೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಹಿಮ ಕರಗಿಹೋಯಿತು. ಸಿನಿಮಾ ನೋಡೋಣವೆಂದರೆ ಕಿಸೆಯಲ್ಲಿ ಕಾಸಿರಲಿಲ್ಲ. ಜ್ಯೂರಿಚ್ ನಗರದಲ್ಲಿ ಹಾರುವ ತಟ್ಟೆಗಳ ಕುರಿತು ಉಪನ್ಯಾಸವಿದೆ, ಪ್ರವೇಶ ಉಚಿತ ಎಂದು ಪತ್ರಿಕೆಯಲ್ಲಿ ಕಂಡು ಹೋಗಿ ಕುಳಿತ. ಉಪನ್ಯಾಸಕರು ಆಕಾಶದ ಯಾನಗಳ ಮಾತನ್ನಾಡದೆ, ಯುದ್ಧದಿಂದ ನಲುಗಿದ ಯೂರೋಪಿನ ಜನರ ಮನಸ್ಸು ಅವನ್ನು ಏಕೆ ಕಾಣುತ್ತಿದೆ ಎಂಬುದನ್ನು ವಿವರಿಸಿದರು. ಅವರು ಕಾರ್ಲ್ ಯೂಂಗ್ ಎಂದು ಹುಡುಗನಿಗೆ ಮೊದಲು ತಿಳಿದಿರಲಿಲ್ಲ. ಕಿಸೆಯಲ್ಲಿ ಸಿನಿಮಾಕ್ಕೆ ಸಾಕಾಗುವಷ್ಟು ಹಣವಿದ್ದಿದ್ದರೆ ಒಂದು ಶಾಸ್ತ್ರದ ದಾರಿಯೇ ಬೇರೆಯಾಗುತ್ತಿತ್ತೋ ಏನೋ!

1956ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಿಹಾಯ್ ಅಮೆರಿಕಕ್ಕೆ ಹೋದರು. ರಾತ್ರಿಯ ಹೊತ್ತು ದುಡಿದು ಹಗಲಿನಲ್ಲಿ ಓದಿ, 1965ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿ ಪಡೆದರು. ಆ ಪದವಿಗಾಗಿ ಅವರು ಅಧ್ಯಯನ ಮಾಡಿದ್ದು ಕಲಾಶಾಲೆಯ ವಿದ್ಯಾರ್ಥಿಗಳನ್ನು. ಚಿತ್ರ ಬರೆಯುತ್ತಿರುವ ತರುಣನಿಗೆ ಹಸಿವು ತಿಳಿಯದು, ದಣಿವು ತಿಳಿಯದು, ಹೊತ್ತು ಮುಳುಗಿದ್ದು ತಿಳಿಯದು. ಇದು ಎಲ್ಲರೂ ಬಲ್ಲ ಸಂಗತಿ. ಮಿಹಾಯ್ ಗಮನಿಸಿದ್ದು ಅದರ ಮುಂದಿನದನ್ನು. ಚಿತ್ರ ಮುಗಿದೊಡನೆ ಆತ ಅದನ್ನು ಗೋಡೆಗೆ ಒರಗಿಸಿಟ್ಟು ಮರೆತುಬಿಡುತ್ತಿದ್ದ. ಹೊಸ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುತ್ತಿದ್ದ. ಹಣದ ಆಸೆಯಾಗಲಿ ಕೀರ್ತಿಯ ಆಸೆಯಾಗಲಿ ಇದ್ದಿದ್ದರೆ ಮುಗಿದ ಚಿತ್ರದ ಮೇಲೆ ಮಮತೆ ಇರಬೇಕಿತ್ತು. ಆಗಿನ ಮನಶ್ಶಾಸ್ತ್ರವಾದರೋ, ಮನುಷ್ಯನು ಬಹುಮಾನದ ಆಸೆಗೋ ದಂಡನೆಯ ಭಯಕ್ಕೋ ದುಡಿಯುತ್ತಾನೆಂದು ಹೇಳುತ್ತಿತ್ತು. ಈ ತರುಣರಿಗೆ ಬಹುಮಾನವು ಕೆಲಸದ ಕೊನೆಯಲ್ಲಿ ಇರಲಿಲ್ಲ, ನಡುವಿನಲ್ಲಿ ಇತ್ತು.

ಅಲ್ಲಿಂದ ಅವರು ಚದುರಂಗದ ಆಟಗಾರರು, ಬಂಡೆ ಹತ್ತುವವರು, ನರ್ತಕರು, ಸಂಗೀತ ರಚನಕಾರರು, ಶಸ್ತ್ರವೈದ್ಯರು ಮೊದಲಾದವರನ್ನು ಸಂದರ್ಶಿಸಿದರು. ಬೇರೆ ಬೇರೆ ವೃತ್ತಿಯ ಈ ಜನರ ಮಾತಿನಲ್ಲಿ ಒಂದೇ ಹೋಲಿಕೆ ಮತ್ತೆ ಮತ್ತೆ ಬಂತು: ನೀರಿನ ಸೆಳವು ತಮ್ಮನ್ನು ಒಯ್ದಂತೆ. ಆ ಅನುಭವಕ್ಕೆ ಮಿಹಾಯ್ ‘ಫ್ಲೋ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ‘ಹರಿವು’ ಎನ್ನಬಹುದು. ಮಾಡಬೇಕಾದುದು ಏನೆಂಬುದು ಸ್ಪಷ್ಟವಿರಬೇಕು. ಮಾಡಿದ್ದು ಸರಿಯಾಯಿತೇ ಇಲ್ಲವೇ ಎಂಬುದು ಆಗಿಂದಾಗಲೇ ತಿಳಿಯುತ್ತಿರಬೇಕು. ಕೆಲಸವು ಒಡ್ಡುವ ಸವಾಲೂ ಮಾಡುವವನ ಕೌಶಲವೂ ಸರಿದೂಗಬೇಕು. ಚದುರಂಗದಲ್ಲಿ ಎದುರಾಳಿ ತೀರ ದುರ್ಬಲನಾದರೆ ಆಕಳಿಕೆ ಬರುತ್ತದೆ, ತೀರ ಪ್ರಬಲನಾದರೆ ಎದೆ ನಡುಗುತ್ತದೆ. ಬೇಸರಕ್ಕೂ ಕಳವಳಕ್ಕೂ ನಡುವಿನ ಆ ಕಿರುದಾರಿಯಲ್ಲಿ ಮನಸ್ಸು ತನ್ನನ್ನು ತಾನು ಮರೆಯುತ್ತದೆ. 1975ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರೇ ಬೇಸರ ಮತ್ತು ಕಳವಳಗಳ ಆಚೆಗಿನದನ್ನು ಸೂಚಿಸುವಂಥದು.

ಇಷ್ಟಕ್ಕೇ ನಿಂತಿದ್ದರೆ ಇದು ಭಾಗ್ಯವಂತರ ಮನಶ್ಶಾಸ್ತ್ರವಾಗಿ ಉಳಿಯುತ್ತಿತ್ತು. ನರ್ತಕಿಯೂ ಶಸ್ತ್ರವೈದ್ಯನೂ ತಾವು ಮೆಚ್ಚಿದ ಕೆಲಸವನ್ನು ಆರಿಸಿಕೊಂಡವರು. ಕಡತದ ಮುಂದೆ ಕುಳಿತ ಗುಮಾಸ್ತೆಯ, ಯಂತ್ರದ ಮುಂದೆ ನಿಂತ ಕಾರ್ಮಿಕನ ಪಾಡೇನು? ಅವರನ್ನು ಕರೆದು ಕೇಳಿದರೆ ನಿಜ ಹೊರಡುವುದು ಕಷ್ಟ. ನೆನಪು ಕೆಲವನ್ನು ಹೊನ್ನಾಗಿಸುತ್ತದೆ, ಕೆಲವನ್ನು ಮಣ್ಣಾಗಿಸುತ್ತದೆ. ಸಂದರ್ಶನದಲ್ಲಂತೂ ಹತ್ತು ಜನ ಹೇಳುವುದನ್ನೇ ಹನ್ನೊಂದನೆಯವನೂ ಹೇಳುತ್ತಾನೆ. ಆದ್ದರಿಂದ ಅನುಭವವನ್ನು ಅದು ಆಗುತ್ತಿರುವಾಗಲೇ ಹಿಡಿಯಬೇಕೆಂದು ಮಿಹಾಯ್ ಮತ್ತು ಅವರ ಸಂಗಡಿಗರು ನಿಶ್ಚಯಿಸಿದರು. ಆ ಕಾಲದಲ್ಲಿ ವೈದ್ಯರು ತುರ್ತು ಕರೆಗಾಗಿ ಇಟ್ಟುಕೊಳ್ಳುತ್ತಿದ್ದ ಪೇಜರ್ ಅವರಿಗೆ ಒದಗಿಬಂತು. ಅಧ್ಯಯನಕ್ಕೆ ಒಪ್ಪಿದವನು ಒಂದು ವಾರ ಅದನ್ನು ಮೈಮೇಲೆ ಧರಿಸಬೇಕು. ದಿನಕ್ಕೆ ಸುಮಾರು ಎಂಟು ಸಲ, ಯಾವ ಗಳಿಗೆಯಲ್ಲೆಂದು ಮುಂದಾಗಿ ತಿಳಿಯದಂತೆ, ಅದು ಕೂಗುತ್ತದೆ. ಕೂಗಿದೊಡನೆ ಜೊತೆಗಿರುವ ಪುಸ್ತಕವನ್ನು ತೆರೆದು ಬರೆಯಬೇಕು: ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ಯಾರೊಡನೆ ಇದ್ದೀರಿ, ಮನಸ್ಸು ಹೇಗಿದೆ, ಈ ಕೆಲಸದ ಸವಾಲು ಎಷ್ಟು, ನಿಮ್ಮ ಕೌಶಲ ಎಷ್ಟು, ಈಗ ಬೇರೇನನ್ನೋ ಮಾಡುತ್ತಿರಬಾರದಿತ್ತೇ ಎನಿಸುತ್ತಿದೆಯೇ?

ಷಿಕಾಗೋ ಪ್ರದೇಶದ ದುಡಿಯುವ ಗಂಡಸರು ಹೆಂಗಸರು ಹೀಗೆ ಬರೆದುಕೊಟ್ಟ ಪುಟಗಳು 4,800ಕ್ಕೂ ಹೆಚ್ಚು. ಸವಾಲೂ ಕೌಶಲವೂ ಎರಡೂ ಆ ವ್ಯಕ್ತಿಯ ವಾರದ ಸರಾಸರಿಗಿಂತ ಮೇಲಿದ್ದರೆ ಅದನ್ನು ಹರಿವಿನ ಗಳಿಗೆ ಎಂದು ಎಣಿಸಿದರು. ಇದು ಸ್ವಲ್ಪ ಸಡಿಲವಾದ ಅಳತೆ ಎಂಬುದನ್ನು ಒಪ್ಪಬೇಕು; ಚಿತ್ರಕಾರನ ತನ್ಮಯತೆಯೂ ಇದೂ ಒಂದೇ ಅಲ್ಲ. ಆದರೂ ಎಣಿಕೆಯ ಫಲ ಯಾರೂ ನಿರೀಕ್ಷಿಸದಂಥದಾಗಿತ್ತು. ಕೆಲಸದಲ್ಲಿ ನಿಜವಾಗಿ ತೊಡಗಿದ್ದಾಗ ಬಂದ ಉತ್ತರಗಳಲ್ಲಿ ಶೇಕಡಾ 54 ಹರಿವಿನವು. ವಿರಾಮದ ವೇಳೆಯಲ್ಲಿ, ಅಂದರೆ ದೂರದರ್ಶನದ ಮುಂದೆ, ಓದಿನಲ್ಲಿ, ಸ್ನೇಹಿತರ ಕೂಟದಲ್ಲಿ, ಹೋಟೆಲಿನ ಊಟದಲ್ಲಿ ಬಂದ ಉತ್ತರಗಳಲ್ಲಿ ಅದು ಶೇಕಡಾ 18 ಮಾತ್ರ. ಸವಾಲೂ ಕೌಶಲವೂ ಎರಡೂ ಕೆಳಗಿಳಿದ ಜಡಸ್ಥಿತಿಯಾದರೋ ಕೆಲಸದಲ್ಲಿ ಶೇಕಡಾ 16, ವಿರಾಮದಲ್ಲಿ ಶೇಕಡಾ 52. ಮೇಲಧಿಕಾರಿಗಳಿಗೆ ಹರಿವಿನ ಗಳಿಗೆಗಳು ಹೆಚ್ಚು ಎಂಬುದರಲ್ಲಿ ಅಚ್ಚರಿಯಿಲ್ಲ. ಆದರೆ ಕೈಗಾರಿಕೆಯ ಕಾರ್ಮಿಕರಲ್ಲಿಯೂ ಕೆಲಸದ ಗಳಿಗೆಗಳಲ್ಲಿ ಶೇಕಡಾ 47, ವಿರಾಮದಲ್ಲಿ ಶೇಕಡಾ 20 ಎಂದು ಲೆಕ್ಕ ಹೇಳಿತು.

ಇನ್ನೂ ವಿಚಿತ್ರವಾದ ಮಾತೆಂದರೆ, ಅದೇ ಪುಟದ ಇನ್ನೊಂದು ಸಾಲಿನಲ್ಲಿ ಅದೇ ಕೈ ಬರೆದ ಉತ್ತರ. ಕೆಲಸದಲ್ಲಿದ್ದಾಗ ತಾನು ಚುರುಕಾಗಿದ್ದೇನೆ, ಸಮರ್ಥನಾಗಿದ್ದೇನೆ, ತೃಪ್ತನಾಗಿದ್ದೇನೆ ಎಂದು ಬರೆದವನು, ಇಲ್ಲಿರದೆ ಬೇರೆಲ್ಲಿಯೋ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಬರೆದಿದ್ದಾನೆ. ವಿರಾಮದಲ್ಲಿ ಮಂಕಾಗಿದ್ದೇನೆ ಎಂದು ಗುರುತು ಹಾಕಿದವನಿಗೆ ಆ ವಿರಾಮ ಮುಗಿಯುವುದು ಬೇಡ. ಮಿಹಾಯ್ ಮತ್ತು ಜೂಡಿತ್ ಲೆಫೆವರ್ ಈ ವಿರೋಧಾಭಾಸವನ್ನು 1989ರ ತಮ್ಮ ಲೇಖನದಲ್ಲಿ ವಿದ್ವಾಂಸರ ಮುಂದಿಟ್ಟರು. ಕೆಲಸವೆಂದರೆ ಹೇರಿಕೆ, ವಿರಾಮವೆಂದರೆ ಬಿಡುಗಡೆ ಎಂಬ ತಲೆಮಾರುಗಳ ಗ್ರಹಿಕೆಯು ಮನುಷ್ಯನು ತನ್ನ ಅನುಭವದ ಸಾಕ್ಷ್ಯವನ್ನೇ ನಂಬದಂತೆ ಮಾಡಿದೆ ಎಂಬುದು ಮಿಹಾಯ್ ಅವರು ಕೊಟ್ಟ ಸಮಾಧಾನ. ಸಮಾಧಾನವೇನೋ ಜಾಣತನದ್ದೇ. ಆದರೆ ಪರರ ಗುರಿಗಾಗಿ, ಪರರ ಗಡಿಯಾರಕ್ಕೆ ದುಡಿಯುವವನು ದಿನದ ಮಧ್ಯದಲ್ಲಿ ಎಷ್ಟೇ ಚುರುಕಾಗಿದ್ದರೂ ಹೊರಗೆ ಹೋಗಬೇಕೆಂದು ಬಯಸಿದರೆ, ಆ ಬಯಕೆಯನ್ನು ಬರಿಯ ತಪ್ಪುಗ್ರಹಿಕೆ ಎಂದು ತಳ್ಳಿಹಾಕುವುದು ಅಷ್ಟು ನ್ಯಾಯವಾಗಿ ಕಾಣದು. ಚುರುಕಾಗಿರುವುದು ಒಂದು, ಸ್ವತಂತ್ರನಾಗಿರುವುದು ಇನ್ನೊಂದು. ಪೇಜರಿನ ಪುಸ್ತಕದಲ್ಲಿ ಮೊದಲನೆಯದಕ್ಕೆ ಇದ್ದಷ್ಟು ಸ್ಥಳ ಎರಡನೆಯದಕ್ಕೆ ಇರಲಿಲ್ಲ.

ವಿರಾಮದ ಕುರಿತು ಮಾತ್ರ ಅವರ ಲೆಕ್ಕವನ್ನು ಅಲ್ಲಗಳೆಯುವುದು ಸುಲಭವಲ್ಲ. ರಾಬರ್ಟ್ ಕ್ಯೂಬಿ ಎಂಬ ವಿದ್ವಾಂಸರೊಡನೆ ಅವರು ದೂರದರ್ಶನದ ವೀಕ್ಷಣೆಯನ್ನು ಇದೇ ವಿಧಾನದಿಂದ ಪರೀಕ್ಷಿಸಿ 1990ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನೋಡುತ್ತಿರುವವರೆಗೆ ಮೈ ಸಡಿಲವಾಗುತ್ತದೆ. ಪೆಟ್ಟಿಗೆಯನ್ನು ಆರಿಸಿದೊಡನೆ ಆ ಹಗುರ ಹೋಗುತ್ತದೆ, ಜಡತೆ ಉಳಿಯುತ್ತದೆ. ಪೇಜರಿನ ಕಾಲ ಮುಗಿದ ಮೇಲೆ ಆ ಕೆಲಸವನ್ನು ಮೊಬೈಲ್ ಫೋನು ವಹಿಸಿಕೊಂಡಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಜನರನ್ನು ಹೀಗೆಯೇ ನಡುನಡುವೆ ಕರೆದು ಕೇಳಲಾಯಿತು. ಶೇಕಡಾ 46.9ರಷ್ಟು ಉತ್ತರಗಳಲ್ಲಿ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲೇ ಇಲ್ಲ. ಹಾಗೆ ಅಲೆಯುವಾಗ ಜನ ಹೆಚ್ಚು ಸುಖವಾಗಿಯೂ ಇರಲಿಲ್ಲ. ಕೆಲಸ ಯಾವುದೆಂಬುದಕ್ಕಿಂತ, ಮನಸ್ಸು ಅದರಲ್ಲಿದೆಯೇ ಇಲ್ಲವೇ ಎಂಬುದೇ ಸುಖವನ್ನು ಹೆಚ್ಚಾಗಿ ಸೂಚಿಸುತ್ತಿತ್ತು.

ಮಿಹಾಯ್ ಅವರ ಬರಹಗಳಲ್ಲಿ ಅಂಕಿಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುವವನು ಒಬ್ಬ ಬೆಸುಗೆಗಾರ. ದಕ್ಷಿಣ ಷಿಕಾಗೋದಲ್ಲಿ ರೈಲ್ವೆ ಡಬ್ಬಿಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಅರವತ್ತು ದಾಟಿದ ಮನುಷ್ಯ. ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತ್ತು. ಚಿಕ್ಕಂದಿನಲ್ಲಿ ಮನೆಯ ಟೋಸ್ಟರ್ ಕೆಟ್ಟಾಗ ಆತ ತನ್ನನ್ನೇ ಕೇಳಿಕೊಂಡನಂತೆ, ತಾನೇ ಈ ಯಂತ್ರವಾಗಿ ಕೆಲಸ ಮಾಡದೆ ನಿಂತಿದ್ದರೆ ತನಗೆ ಏನು ಕೆಟ್ಟಿರಬಹುದು ಎಂದು. ಅಂದಿನಿಂದ ಕೆಟ್ಟ ಯಂತ್ರ ಕಂಡಲ್ಲಿ ಆ ಪ್ರಶ್ನೆಯನ್ನೇ ಕೇಳಿಕೊಂಡು ಅದನ್ನು ಸರಿಪಡಿಸುತ್ತ ಬಂದ. ಸುಮಾರು 200 ಜನ ದುಡಿಯುತ್ತಿದ್ದ ಆ ಮೂರು ಕತ್ತಲೆಯ ಷೆಡ್ಡುಗಳು ಬೇಸಿಗೆಯಲ್ಲಿ ಕುದಿಯುತ್ತಿದ್ದವು. ಚಳಿಗಾಲದಲ್ಲಿ ಹಿಮದ ಗಾಳಿ ಒಳಗೆ ನುಗ್ಗುತ್ತಿತ್ತು. ಯಾವ ಯಂತ್ರದ ಮುಂದೆ ನಿಲ್ಲಿಸಿದರೂ ನಿಭಾಯಿಸುತ್ತಿದ್ದ ಆತ ಮೇಸ್ತ್ರಿಯಾಗೆಂದರೆ ಒಲ್ಲೆನೆಂದ, ಹಲವು ಸಲ. ಇಂಥವರು ಇನ್ನೈದು ಜನ ಸಿಕ್ಕಿದ್ದರೆ ಈ ಕಾರ್ಖಾನೆಯನ್ನು ಮೀರಿಸುವವರೇ ಇರುತ್ತಿರಲಿಲ್ಲ ಎಂದು ಆಡಳಿತದವರು ಹೇಳುತ್ತಿದ್ದರು.

ಮಿಕ್ಕವರು ಸಿಗಲಿಲ್ಲವೇಕೆ ಎಂದು ಆ ಆಡಳಿತ ಕೇಳಿಕೊಂಡಂತಿಲ್ಲ. ಕೆಲಸವನ್ನು ಆಟದಂತೆ ಕಟ್ಟಬೇಕು, ಕೆಲಸಗಾರನೂ ಆ ಬೆಸುಗೆಗಾರನ ಕಣ್ಣನ್ನು ಬೆಳೆಸಿಕೊಳ್ಳಬೇಕು, ಒಂದರಿಂದಲೇ ಸಾಲದು ಎಂದು ಮಿಹಾಯ್ ಬರೆದರು. ಎರಡನೆಯ ಮಾತಿಗೆ ಸಿಕ್ಕಷ್ಟು ಕಿವಿಗಳು ಮೊದಲನೆಯದಕ್ಕೆ ಸಿಕ್ಕಿದಂತೆ ತೋರದು; ಅದಕ್ಕೆ ಖರ್ಚು ಹೆಚ್ಚು. ಅವರು 2021ರ ಅಕ್ಟೋಬರ್ ತಿಂಗಳಲ್ಲಿ, 87ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದ ಕ್ಲೇರ್‌ಮಾಂಟಿನಲ್ಲಿ ತೀರಿಕೊಂಡರು.

ಅದೇ ಷೆಡ್ಡುಗಳಿಂದ ಸಂಜೆ ಹೊರಬಿದ್ದ ಬೆಸುಗೆಗಾರರಲ್ಲಿ ಹೆಚ್ಚಿನವರು ಬೇಗಬೇಗನೆ ಹೆಂಡದಂಗಡಿಯತ್ತ ನಡೆಯುತ್ತಿದ್ದರು. ಆ ಮುದುಕ ಮನೆಗೆ ಹೋಗುತ್ತಿದ್ದ. ಮನೆಯ ಪಕ್ಕದ ಎರಡು ನಿವೇಶನಗಳನ್ನು ಕೊಂಡು ಆತ ಕಲ್ಲುಗಳನ್ನು ಜೋಡಿಸಿ, ಪಾವಟಿಗೆಗಳನ್ನು ಕಟ್ಟಿ, ನೂರಾರು ಹೂಗಿಡಗಳ ತೋಟವನ್ನು ಮಾಡಿದ್ದ. ನೀರಿನ ಕೊಳವೆಗಳನ್ನು ಹೂಳುತ್ತಿದ್ದಾಗ, ಇವು ಕಾಮನಬಿಲ್ಲನ್ನು ಮೂಡಿಸುವಂತಾದರೆ ಹೇಗೆ ಎನ್ನಿಸಿತಂತೆ. ಅಷ್ಟು ಸಣ್ಣ ತುಂತುರನ್ನು ಚಿಮ್ಮಿಸುವ ಸ್ಪ್ರಿಂಕ್ಲರ್ ಅಂಗಡಿಗಳಲ್ಲಿ ಸಿಗಲಿಲ್ಲವಾಗಿ ತಾನೇ ಮಾಡಿದ. ಆದರೆ ಆತ ಕೆಲಸದಿಂದ ಬರುವ ಹೊತ್ತಿಗೆ ಅನೇಕ ದಿನ ಸೂರ್ಯ ಇಳಿದಿರುತ್ತಿದ್ದ. ಬಣ್ಣ ಕಟ್ಟುವಷ್ಟು ಬಿಸಿಲು ಇರುತ್ತಿರಲಿಲ್ಲ. ಅದಕ್ಕೂ ಒಂದು ಉಪಾಯ ಹುಡುಕಿದ. ಸೂರ್ಯಪ್ರಕಾಶದ ಬಣ್ಣಗಳೆಲ್ಲ ಉಳ್ಳ ದೊಡ್ಡ ದೀಪಗಳನ್ನು ತಂದು ಸ್ಪ್ರಿಂಕ್ಲರುಗಳ ಸುತ್ತ ಮರೆಯಾಗಿ ನಿಲ್ಲಿಸಿದ. ಆಮೇಲೆ ನಡುರಾತ್ರಿಯಲ್ಲಿಯೂ ಎರಡು ಗುಂಡಿಗಳನ್ನು ಒತ್ತಿದರೆ, ಆ ಮನೆಯ ಸುತ್ತ ನೀರು, ಬೆಳಕು, ಬಣ್ಣ.