ನೋವಿನ ಕೀಲಿಗೆ ಯಾವ ಯಂತ್ರ?

ನಮ್ಮ ಅರಭಾವಿ ಸೀಮೆಯಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರ ಪರೀಕ್ಷೆ ಎಂದೇ ರೂಢಿ. ಸೆಂಟರಿನ ಬಾಗಿಲಲ್ಲೇ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ ಕಾಣುತ್ತದೆ. 1994ರ ಕಾಯ್ದೆಯಂತೆ ಅದು ಕಡ್ಡಾಯ. ಹೀಗಾಗಿ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬೆರಳಿನ ಕೀಲುಗಳಿಗೆ ಅಲ್ಟ್ರಾಸೌಂಡ್ ಮಾಡಿಸಿರೆಂದು ವೈದ್ಯರು ಬರೆದುಕೊಟ್ಟಾಗ ಮನೆಯವರಿಗೆಲ್ಲ ಅಚ್ಚರಿಯಾಯಿತು.

ವೈನಿಗೆ ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಕೈ ಮಡಚಲು ಬರುತ್ತಿರಲಿಲ್ಲ. ಎರಡೂ ಮುಂಗೈ, ಬೆರಳಿನ ಬುಡಗಳು ಊದಿಕೊಂಡಿದ್ದವು. ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು ಕಷ್ಟವಾಯಿತು. ಅವರು ಅದನ್ನು ಚಿಕುನ್‌ಗುನ್ಯಾದ ಶೇಷವೆಂದು ತಿಳಿದು ಸುಮ್ಮನಿದ್ದರು. 2006ರಲ್ಲಿ ಆ ಜ್ವರ ಕರ್ನಾಟಕದ ಹಳ್ಳಿಗಳನ್ನು ಹಣ್ಣು ಮಾಡಿದ ಮೇಲೆ ನಮ್ಮಲ್ಲಿ ಯಾವ ಕೀಲುನೋವಿಗೂ ಅದೇ ಹೆಸರು. ಆದರೆ ಇದು ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ಕೀಲಿನ ಒಳಪೊರೆಯ ಮೇಲೆ ಬೀಳುವ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಮನೆಯಲ್ಲಿ ಎರಡು ಪಕ್ಷಗಳಾದವು. "ಸಣ್ಣ ಮಷೀನು ಯಾಕ? ಕಬ್ಬಿನ ಬಿಲ್ಲು ಬರಲಿ, ಮಿರಜಿಗೆ ಹೋಗಿ ಎಂ.ಆರ್.ಐ. ಮಾಡಿಸೂಣು" ಎಂದರು ಕೆಲವರು. ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜಿಗೆ ಹೋಗುವುದು ನಮ್ಮವರಿಗೆ ಹಳೆಯ ವಾಡಿಕೆ. ದೊಡ್ಡ ಯಂತ್ರ, ದೊಡ್ಡ ಖರ್ಚು, ದೊಡ್ಡ ಸತ್ಯ ಎಂಬ ನಂಬಿಕೆ. ಆದರೆ ಬಿಲ್ಲು ಯಾವಾಗ ಬರುವುದೋ ಯಾರಿಗೂ ಗೊತ್ತಿಲ್ಲ. ರೋಗವಂತೂ ಬಿಲ್ಲಿಗಾಗಿ ಕಾಯುವುದಿಲ್ಲ. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಸಿಕ್ಕರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು.

ಎರಡು ಯಂತ್ರಗಳ ವ್ಯತ್ಯಾಸವನ್ನು ವೈದ್ಯರು ಬಿಡಿಸಿ ಹೇಳಿದರು. ಎಕ್ಸ್‌ರೇಯಲ್ಲಿ ಮುಖ್ಯವಾಗಿ ಮೂಳೆ ಸವೆದ ಮೇಲಿನ ಹಾನಿ ಕಾಣುತ್ತದೆ. ಅಲ್ಟ್ರಾಸೌಂಡ್ ಒಳಪೊರೆಯ ಊತವನ್ನು ಮೊದಲೇ ತೋರಿಸುತ್ತದೆ. ಡಾಪ್ಲರ್ ಹಾಕಿದರೆ ಉರಿಯೂತವಿದ್ದಲ್ಲಿ ಹೆಚ್ಚಿದ ರಕ್ತದ ಹರಿವು ಬಣ್ಣವಾಗಿ ಕಾಣುತ್ತದೆ. ಬೆರಳು ಆಡಿಸುತ್ತಲೇ, ಹಲವು ಕೀಲುಗಳನ್ನು ಒಂದೇ ಸಲ ನೋಡಬಹುದು. ಆದರೆ ಹೊಟ್ಟೆ ನೋಡುವ ಪ್ರೋಬ್ ಇಲ್ಲಿ ಸಾಲದು. ಹೆಚ್ಚು ಕಂಪನಾಂಕದ ಪ್ರೋಬ್ ಬೇಕು, ಕೀಲು ನೋಡಿ ಪಳಗಿದ ಕೈಯೂ ಬೇಕು. ಶಬ್ದದ ಅಲೆ ಮೂಳೆಯೊಳಗೆ ಹೋಗದು. ಅಲ್ಲಿ ಎಂ.ಆರ್.ಐ.ಯದೇ ಮೇಲುಗೈ. ಮೂಳೆಯ ಮಜ್ಜೆಯಲ್ಲಿನ ಬಾವು ಅದರಲ್ಲಿ ಮಾತ್ರ ಕಾಣುತ್ತದೆ, ಆ ಬಾವು ಮುಂದಿನ ಸವೆತದ ಮುನ್ಸೂಚನೆ. ಆದರೆ ಖರ್ಚು ಹೆಚ್ಚು, ಬಹಳ ಹೊತ್ತು ಅಲುಗಾಡದೆ ಮಲಗಬೇಕು, ಕೆಲವೊಮ್ಮೆ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಮದ್ದು ಕೊಡಬೇಕಾಗುತ್ತದೆ.

ಉರಿಯೂತ ಗುರುತಿಸುವುದರಲ್ಲಿ ಬರಿಗೈ ಪರೀಕ್ಷೆಗಿಂತ ಈ ಎರಡೂ ಯಂತ್ರಗಳು ಮೇಲು ಎಂದು ಯುರೋಪಿನ ಸಂಧಿರೋಗ ತಜ್ಞರು 2013ರಲ್ಲೇ ಒಪ್ಪಿದ್ದಾರೆ. ಆದರೆ ಹೆಚ್ಚು ಕಂಡ ಮಾತ್ರಕ್ಕೆ ಹೆಚ್ಚು ಗುಣವಾಗುತ್ತದೆಯೇ? ನಾರ್ವೆಯಲ್ಲಿ 238 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪದೇ ಪದೇ ಅಲ್ಟ್ರಾಸೌಂಡ್ ನೋಡಿ ಔಷಧ ಬದಲಿಸಿದವರಿಗೆ ವಿಶೇಷ ಲಾಭವಾಗಲಿಲ್ಲ. ಡೆನ್ಮಾರ್ಕಿನಲ್ಲಿ 200 ಮಂದಿಯ ಮೇಲೆ ಎಂ.ಆರ್.ಐ. ಇಟ್ಟುಕೊಂಡು ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದ ಮುಖ್ಯ ಫಲಿತಾಂಶವೂ ಹಾಗೆಯೇ. ಎರಡೂ ಕಡೆ ಹೋಲಿಕೆಯ ಗುಂಪಿನವರಿಗೆ ವೈದ್ಯರ ಕ್ರಮಬದ್ಧ ತಪಾಸಣೆ ಸಿಗುತ್ತಿತ್ತು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಅಪರೂಪವಾಗಿರುವುದು ಅದೇ.

ವೈನಿಯ ಊದಿದ ಕೀಲುಗಳೂ ರಕ್ತಪರೀಕ್ಷೆಯೂ ಬಹುಪಾಲು ಹೇಳಿಬಿಟ್ಟಿದ್ದವು. ಅಲ್ಟ್ರಾಸೌಂಡ್ ಅದನ್ನು ಖಚಿತಪಡಿಸಿತು. ವಾರಕ್ಕೊಮ್ಮೆ ಮಾತ್ರ ನುಂಗುವ ಗುಳಿಗೆ ಶುರುವಾಯಿತು, ಜೊತೆಗೆ ಆಗಾಗ ರಕ್ತಪರೀಕ್ಷೆ. ಎಂ.ಆರ್.ಐ.ಗೆ ಕೂಡಿಡಬೇಕೆಂದಿದ್ದ ಹಣ ಈ ಪರೀಕ್ಷೆಗೂ ಬೆಳಗಾವಿಯ ಬಸ್ಸಿಗೂ ಆಗುತ್ತಿದೆ. ಬೆರಳು ಪೂರ್ತಿ ಮೊದಲಿನಂತಾಗಿಲ್ಲ, ಆದರೆ ಬೆಳಗಿನ ಬಿಗಿತ ಕಾಲು ಗಂಟೆಗೆ ಇಳಿದಿದೆ.

ಎಂ.ಆರ್.ಐ. ಬೇಡವೆಂದು ನಾವು ಹೇಳುತ್ತಿಲ್ಲ. ಲಕ್ಷಣಗಳು ಗೊಂದಲವಾಗಿದ್ದಾಗ, ಅಲ್ಟ್ರಾಸೌಂಡಿಗೆ ಎಟುಕದ ಜಾಗದಲ್ಲಿ ನೋವಿದ್ದಾಗ ಅದು ಬೇಕೇ ಬೇಕು. ಆದರೆ ದೊಡ್ಡ ಚಿತ್ರಕ್ಕೆ ಹಣ ಕೂಡುವವರೆಗೆ ಹೆಣ್ಣುಮಗಳೊಬ್ಬಳು ನೋವಿನ ಗುಳಿಗೆ ನುಂಗಿ ಒಲೆಯ ಮುಂದೆ ಕೂರುವುದು ಸಲ್ಲದು. ಆ ಗುಳಿಗೆ ನೋವು ಮರೆಸೀತೇ ಹೊರತು ಕೀಲು ಉಳಿಸದು. ಯಾವ ಸ್ಕ್ಯಾನ್ ಬರೆದುಕೊಟ್ಟರೂ ವೈದ್ಯರನ್ನು ಒಂದು ಮಾತು ಕೇಳೋಣ: ಇದನ್ನು ನೋಡಿದ ಮೇಲೆ ಔಷಧ ಬದಲಾಗುತ್ತದೆಯೇ, ಅಲ್ಲಿಯವರೆಗೆ ಔಷಧ ನಿಲ್ಲಬೇಕೇ?