ಮೊಳಕೆ ರಾಗಿಗೆ ಯಾವ ಮಿಲ್ಲು? ನಾವು ಆರಿಸಿದ ಲೆಕ್ಕ

ಕಣದ ಕೆಲಸ ಮುಗೀತು, ರಾಗಿ ಮೂಟೆ ಮನೆ ಸೇರಿದ್ವು. ಈಗ ನಮ್ಮ ಕಡೆ ಎಲ್ಲಿ ಕೂತ್ರೂ ಮಿಲ್ಲಿನ ಮಾತು. ಊರಿಗೊಂದು ಇದ್ದ ಹಿಟ್ಟಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕ್ತಾ ಇವೆ, ನಡೆಸ್ತಿದ್ದವರಿಗೆ ವಯಸ್ಸಾಯ್ತು, ಮಕ್ಕಳು ಬೆಂಗಳೂರು ಸೇರಿದ್ರು. ಅದಕ್ಕೇ ಮನೆಗೇ ಒಂದು ಸಣ್ಣ ಮಿಲ್ಲು ತಂದುಬಿಡೋಣ ಅಂತ ತುಂಬಾ ಜನ ಯೋಚನೆ ಮಾಡ್ತಿದ್ದಾರೆ. ನಾವು ಮೂರು ಮನೆಯವರು ಸೇರಿ ಈಗಷ್ಟೇ ತಂದಿದ್ದೀವಿ. ಯಾವ ಕಂಪನಿದು, ಎಷ್ಟು ಕೊಟ್ರಿ ಅಂತ ಕೇಳೋರೇ ಜಾಸ್ತಿ. ಅದನ್ನ ಬಿಟ್ಟು, ಹೇಗೆ ಆರಿಸಿದ್ವಿ ಅನ್ನೋದನ್ನ ಬರೀತೀನಿ. ಕಂಪನಿ ಹೆಸರಿಗಿಂತ ಅದು ಉಪಯೋಗಕ್ಕೆ ಬರುತ್ತೆ.

ಮೂರು ಮನೆಗೆ ಮೂರು ಆಸೆ ಇತ್ತು. ಅತ್ತಿಗೆಯ ಸಂಘದವರು ಮೊಳಕೆ ರಾಗಿ ಹಿಟ್ಟು ಮಾಡಿ ಮಾರಬೇಕು ಅಂತಿದ್ರು. ನಾವು ಹಿಂದಿನಿಂದ ಮಕ್ಕಳಿಗೆ ರಾಗಿ ಸರಿ ಅಂತ ಮಾಡ್ತಿದ್ದದ್ದೇ, ಈಗ ಪೇಟೆಯಲ್ಲಿ ರಾಗಿ ಮಾಲ್ಟ್ ಅಂತಾರೆ. ನನ್ನ ತಮ್ಮನಿಗೆ ನಾಲ್ಕು ಹಸು, ಅವುಕ್ಕೆ ಮುಸುಕಿನ ಜೋಳ ಒಡೆಯೋಕೆ ಬೇಕು. ಚಿಕ್ಕಪ್ಪನ ಮನೆಯವರಿಗೆ ಮೆಣಸಿನಪುಡಿ, ಸಾಂಬಾರ್ ಪುಡಿ, ಅಕ್ಕಿಹಿಟ್ಟು ಎಲ್ಲಾ ಆಗಬೇಕು. ದುಡ್ಡು ಮಾತ್ರ ಬಹುಪಾಲು ಅತ್ತಿಗೆ ಹೆಸರಲ್ಲಿ ಸಂಘದಿಂದ ತೆಗೆದ ಸಾಲ. ವಾರವಾರ ಕಂತು ಕಟ್ಟಬೇಕು. ತಂದ ಮಿಷಿನ್ನು ಮೂಲೆ ಸೇರಿದ್ರೂ ಕಂತು ನಿಲ್ಲಲ್ಲ. ಹಂಗಾಗಿ ಮಾತು ಸ್ವಲ್ಪ ಬಿಸಿಯಾಗೇ ನಡೀತು.

ಅಂಗಡಿಗೆ ಹೋದ್ರೆ ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಎಷ್ಟು ಎಚ್.ಪಿ. ಬೇಕು ಸಾರ್?" ಎರಡು ಅಂದ್ರೆ ಮೂರು ತಗೊಳ್ಳಿ ಅಂತಾರೆ, ಮೂರು ಅಂದ್ರೆ ಐದು. "ಇದ್ರಲ್ಲಿ ಎಲ್ಲಾ ಆಗುತ್ತೆ" ಅನ್ನೋ ಮಾತಂತೂ ಇದ್ದೇ ಇದೆ.

ನಮಗೆ ಬೇರೆ ದಾರಿ ತೋರಿಸಿದ್ದು ಅಕ್ಕನ ಮಗ. ಅವನು ಅಮೆರಿಕದಲ್ಲಿದ್ದಾನೆ, ಅಲ್ಲಿ ಮನೆಯಲ್ಲೇ ಬಿಯರ್ ಮಾಡ್ಕೋತಾನೆ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಮಾರದೆ ಸ್ವಂತಕ್ಕೆ ಮಾಡ್ಕೊಳ್ಳೋರಿಗೆ ಒಂದು ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ಅವಕಾಶ ಇದೆ. ನಮ್ಮ ರಾಜ್ಯದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡಂಗಿಲ್ಲ, ಆ ಕಡೆ ಯಾರೂ ಹೋಗಬೇಡಿ. ಆದ್ರೆ ಅವನು ಬಳಸೋ ಬಾರ್ಲಿ ಮಾಲ್ಟೂ ನಮ್ಮ ರಾಗಿ ಮಾಲ್ಟೂ ಅಣ್ಣತಮ್ಮ ಇದ್ದಂಗೆ. ಎರಡನ್ನೂ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇರು ಉದುರಿಸ್ತಾರೆ. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟ ಒಡೆಯೋ ಎಂಜೈಮು ಹುಟ್ಟುತ್ತೆ. ಅವನಿಗೆ ಅದು ಪಿಷ್ಟವನ್ನ ಸಕ್ಕರೆ ಮಾಡಿಕೊಡುತ್ತೆ. ನಮಗೆ ಅದೇ ಗಂಜಿಯನ್ನ ತೆಳ್ಳಗೆ ಮಾಡುತ್ತೆ. ಅದಕ್ಕೇ ಮೊಳಕೆ ರಾಗಿ ಹಿಟ್ಟು ಸ್ವಲ್ಪ ಜಾಸ್ತಿ ಹಾಕಿದ್ರೂ ಗಂಟಲಿಗೆ ಹತ್ತಲ್ಲ, ಮಗುವಿಗೆ ಒಂದೊಂದು ಚಮಚದಲ್ಲೂ ಹೆಚ್ಚು ಆಹಾರ ಹೋಗುತ್ತೆ.

ಫೋನಲ್ಲಿ ಅವನು ಎಚ್.ಪಿ. ಕೇಳಲಿಲ್ಲ. "ಮಾವ, ಕಾಳು ಮಿಲ್ಲಿಂದ ಹೊರಗೆ ಬಂದಾಗ ಹೆಂಗಿರಬೇಕು?" ಅಂದ. ಅವನ ಬಾರ್ಲಿಗೆ ಹಿಟ್ಟೇ ಆಗಬಾರದು. ಒಳಗಿನ ತಿರುಳು ಒಡೀಬೇಕು, ಮೇಲಿನ ಹೊಟ್ಟು ಸಿಪ್ಪೆ ಸಿಪ್ಪೆಯಾಗೇ ಉಳೀಬೇಕು. ಬಿಸಿನೀರಲ್ಲಿ ಕಲಸಿ ರಸ ಬಸಿಯುವಾಗ ಆ ಹೊಟ್ಟೇ ಜರಡಿಯಾಗಿ ಕೂರುತ್ತೆ. ಹೊಟ್ಟು ಪುಡಿಯಾದ್ರೆ ಪಾತ್ರೆಯಲ್ಲಿ ಎಲ್ಲಾ ಅಂಟಾಗಿ ರಸ ಇಳಿಯಲ್ಲ. ಅದಕ್ಕೆ ಅವರು ಎರಡು ರೋಲರ್‌ನ ಮಿಲ್ಲು ಇಟ್ಕೋತಾರೆ, ನಮ್ಮ ಕಬ್ಬಿನ ಗಾಣದ ಚಿಕ್ಕ ತಮ್ಮ ಅನ್ನಿ. ರೋಲರ್ ನಡುವಿನ ಸಂದು ಸುಮಾರು 1 ಮಿ.ಮೀ. ಟ್ರ್ಯಾಕ್ಟರ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋಕೆ ಇಟ್ಕೊಂಡಿರ್ತಾನಲ್ಲ ಫೀಲರ್ ಗೇಜು, ಅದರಲ್ಲೇ ಅಳೆದು ಬಿಗಿ ಮಾಡ್ತಾರೆ.

ರಾಗಿಗೆ ಆ ಲೆಕ್ಕ ಬರಲ್ಲ. ಬಾರ್ಲಿ ತರ ಉಪಯೋಗಕ್ಕೆ ಬರೋ ಹೊಟ್ಟು ಅದಕ್ಕಿಲ್ಲ, ತೆಳು ಸಿಪ್ಪೆ ತಿರುಳಿಗೇ ಅಂಟಿರುತ್ತೆ, ತಿರುಳು ಮೆತ್ತಗೆ. ಕಾಳೂ ತೀರಾ ಸಣ್ಣದು, ಸಂದು ಸ್ವಲ್ಪ ಹೆಚ್ಚಾದ್ರೆ ಇಡಿಯಾಗೇ ಜಾರಿ ಹೋಗುತ್ತೆ. ಆದ್ರೆ ಅವನ ಪ್ರಶ್ನೆ ಮಾತ್ರ ನಮಗೂ ಸರಿಹೋಯ್ತು. ಕೂತು ಒಂದೊಂದು ಮಿಲ್ಲೂ ಕಾಳಿಗೆ ಏನು ಮಾಡುತ್ತೆ ಅಂತ ನೋಡಿದ್ವಿ.

ಕಲ್ಲಿನ ಮಿಲ್ಲು ಅರೆಯುತ್ತೆ. ಒಂದು ಕಲ್ಲು ನಿಂತಿರುತ್ತೆ, ಇನ್ನೊಂದು ತಿರುಗುತ್ತೆ, ಸ್ಕ್ರೂ ತಿರುಗಿಸಿದ್ರೆ ಸಂದು ಹೆಚ್ಚುಕಮ್ಮಿ ಆಗುತ್ತೆ. ನಮ್ಮ ಬೀಸೋ ಕಲ್ಲಿನದೇ ಕೆಲಸ. ಹಿಟ್ಟು ನುಣ್ಣಗೆ ಬರುತ್ತೆ, ಬಿಗಿ ಜಾಸ್ತಿ ಮಾಡಿದ್ರೆ ಬಿಸಿಯಾಗುತ್ತೆ. ಕಲ್ಲು ಸವೆದಾಗ ಉಳಿ ಹಿಡಿದು ಮತ್ತೆ ಗೀರು ಹಾಕಿಸಬೇಕು, ಹಾಕಿಸಿದ ಮೇಲೆ ಮೊದಲ ಒಂದೆರಡು ಕೆ.ಜಿ. ಹಿಟ್ಟಲ್ಲಿ ಕಲ್ಲುಪುಡಿ ಇರುತ್ತೆ.

ಪಲ್ವರೈಸರ್ ಬಡಿಯುತ್ತೆ. ಒಳಗೆ ಕಬ್ಬಿಣದ ಬ್ಲೇಡು ಜೋರಾಗಿ ತಿರುಗಿ ಕಾಳನ್ನ ಹೊಡೀತಾ ಇರುತ್ತೆ, ಕೆಳಗಿನ ಜಾಲರಿ ತೂತಿಗಿಂತ ಸಣ್ಣದಾಗೋ ತನಕ ಬಿಡಲ್ಲ. ಅಂದ್ರೆ ಹಿಟ್ಟಿನ ನುಣುಪು ಜಾಲರಿ ಮೇಲೆ ನಿಂತಿದೆ, ಮೋಟರ್ ಮೇಲಲ್ಲ. ಮೋಟರ್ ದೊಡ್ಡದಾದ್ರೆ ಗಂಟೆಗೆ ಹೆಚ್ಚು ಕೆ.ಜಿ. ಆಗುತ್ತೆ, ಅಷ್ಟೆ.

ಪ್ಲೇಟ್ ಮಿಲ್ಲಲ್ಲಿ ಗೀರಿರೋ ಎರಡು ಕಬ್ಬಿಣದ ತಟ್ಟೆ ಇರುತ್ತೆ. ನುಚ್ಚು, ತರಿ ಮಾಡೋಕೆ ಇದು ಚೆನ್ನಾಗಿದೆ.

ಇನ್ನು ನಮ್ಮ ಕಾಳುಗಳ ಕಡೆ ಬರೋಣ. ಹಸುವಿನ ಜೋಳ ನುಚ್ಚಾಗಿರಬೇಕು. ಇಡೀ ಕಾಳು ಹಾಕಿದ್ರೆ ಸಗಣಿಯಲ್ಲಿ ಹಂಗೇ ಬೀಳುತ್ತೆ, ದುಡ್ಡು ತಿಪ್ಪೆಗೆ ಹೋಯ್ತು. ನುಣ್ಣನೆ ಹಿಟ್ಟು ಮಾಡಿ ಜಾಸ್ತಿ ಹಾಕಿದ್ರೆ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ ಹಸು ಮೇವು ಬಿಡುತ್ತೆ, ಹಾಲಿನ ಫ್ಯಾಟೂ ಇಳಿಯುತ್ತೆ. ಡೈರಿಗೆ ಹಾಲು ಹಾಕೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊಳಕೆ ರಾಗಿ ಮಾತ್ರ ನುಣ್ಣಗೇ ಆಗಬೇಕು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದಾಗ ಮೇಲೆ ಸಿಪ್ಪೆ ಬಿಟ್ಟು ಬೇರೇನೂ ನಿಲ್ಲಬಾರದು. ಮೆಣಸಿನಕಾಯಿದು ಇನ್ನೊಂದು ಕಥೆ, ಒಮ್ಮೆ ಹಾಕಿದ್ರೆ ಆ ಘಾಟು ಮಿಷಿನ್ನಿನ ಸಂದುಗೊಂದಿಯಲ್ಲೆಲ್ಲಾ ಕೂರುತ್ತೆ.

ತಮ್ಮ ಜಾಲರಿ ಬದಲಾಯಿಸಿದ್ರೆ ಎಲ್ಲಾ ಆಗುತ್ತಲ್ಲ ಅಂದ. ಅವನ ಮಾತು ಸುಳ್ಳಲ್ಲ. ದೊಡ್ಡ ತೂತಿನ ಜಾಲರಿ ಹಾಕಿದ್ರೆ ಜೋಳ ನುಚ್ಚಾಗುತ್ತೆ, ಅರ್ಧ ಮಿ.ಮೀ.ದು ಹಾಕಿದ್ರೆ ರಾಗಿ ಹಿಟ್ಟಾಗುತ್ತೆ. ಅದಕ್ಕೆ ಅತ್ತಿಗೆ ಹೇಳಿದ್ದು: "ನೀನು ತರೋ ಜೋಳದಲ್ಲಿ ಬೂಷ್ಟು ಹಿಡಿದ ಕಾಳೂ ಇರ್ತಾವಪ್ಪ. ಅದರ ದೂಳು ಒಳಗೆ ಕೂತಿರೋ ಮಿಷಿನ್ನಲ್ಲಿ ಆರು ತಿಂಗಳ ಕೂಸಿಗೆ ಕೊಡೋ ಹಿಟ್ಟು ಬೀಸಿ, ಮೇಲೆ ನನ್ನ ಸಂಘದ ಹೆಸರು ಹಾಕಲಾ?"

ಅದಕ್ಕೆ ನಮ್ಮ ಯಾರ ಹತ್ರಾನೂ ಉತ್ತರ ಇರಲಿಲ್ಲ. ಬೂಷ್ಟು ಹಿಡಿದ ಜೋಳದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಕುದಿಸಿದ್ರೂ ಪೂರ್ತಿ ಹೋಗಲ್ಲ. ಹಸುವಿಗೂ ಅದು ಒಳ್ಳೇದಲ್ಲ, ಆ ಮಾತು ಇನ್ನೊಮ್ಮೆ ಬರೀತೀನಿ.

ಕೊನೆಗೆ ಲೆಕ್ಕವನ್ನ ಹಿಂಗೆ ತಿರುಗಿಸಿ ಹಾಕಿದ್ವಿ. ಯಾವ ಕಾಳನ್ನ ಹೊರಗೆ ಮಾಡಿಸಿದ್ರೆ ನಮಗೆ ನಷ್ಟ? ಜೋಳವನ್ನ ಪೇಟೆಯಲ್ಲಿ ಒಡೆಸಿದ್ರೆ ಆಟೋ ಬಾಡಿಗೆ ಬಿಟ್ಟು ಬೇರೆ ನಷ್ಟ ಇಲ್ಲ. ಎರಡು ವಾರಕ್ಕೊಮ್ಮೆ ತಂದಿಟ್ಟರೆ ಆಯ್ತು. ಮೆಣಸಿನಪುಡಿ ವರ್ಷಕ್ಕೆ ಒಂದೆರಡು ಸಲ. ಮೊಳಕೆ ರಾಗಿಯನ್ನ ಮಾತ್ರ ಊರೊಟ್ಟಿನ ಮಿಲ್ಲಿಗೆ ಹಾಕಿದ್ರೆ ಹಿಂದಿನವರ ಖಾರ, ಗೋಧಿ, ಕಡ್ಲೆ ಎಲ್ಲಾ ಅದರಲ್ಲಿ ಬರುತ್ತೆ, ಮೂರು ದಿನ ಪಟ್ಟ ಪಾಡು ಅಲ್ಲಿಗೆ ಕೆಡುತ್ತೆ. ಸಾಲದ ಕಂತು ಹುಟ್ಟಬೇಕಿರೋದೂ ಅದೇ ಹಿಟ್ಟಿಂದ. ಹಂಗಾಗಿ ಮಿಲ್ಲು ಮೊಳಕೆ ರಾಗಿಗೆ, ಜೊತೆಗೆ ಮೂರೂ ಮನೆಯ ಮುದ್ದೆ ಹಿಟ್ಟಿಗೆ. ಜೋಳ, ಮೆಣಸಿನಕಾಯಿ ಇಲ್ಲ. ತಮ್ಮ ಎರಡು ದಿನ ಮುಖ ಊದಿಸ್ಕೊಂಡಿದ್ದ. ಅವನು ಹಾಕಿದ ಪಾಲಿನ ದುಡ್ಡಿಗೆ ಅತ್ತಿಗೆ ತಿಂಗಳು ತಿಂಗಳು ಇಷ್ಟು ಅಂತ ಬರೆದು ಕೊಟ್ಟ ಮೇಲೆ ಸರಿಹೋದ. ಜೊತೆಯಾಗಿ ಮಿಷಿನ್ನು ತರೋರು ಇದನ್ನ ಮೊದಲೇ ಕಾಗದದಲ್ಲಿ ಬರ್ಕೊಳ್ಳಿ.

ಆಮೇಲೆ ಉಳಿದದ್ದು ಕರೆಂಟು. 5 ಎಚ್.ಪಿ. ಮೋಟರ್‌ಗೆ ತ್ರೀ ಫೇಸ್ ಬೇಕು. ತೋಟದ ಪಂಪ್‌ಸೆಟ್ ಲೈನಿಂದ ಎಳೆದುಕೊಳ್ಳಿ ಅಂತ ಹೇಳೋರಿದ್ದಾರೆ. ಆ ಲೈನು ನೀರಾವರಿಗೆ ಕೊಟ್ಟಿರೋದು, ಮಿಲ್ಲು ಓಡಿಸೋಕಲ್ಲ, ಸಿಕ್ಕಿಹಾಕ್ಕೊಂಡ್ರೆ ದಂಡ. ಮೇಲಾಗಿ ತ್ರೀ ಫೇಸ್ ಬರೋದು ರಾತ್ರಿ ಪಾಳಿ ಆದ್ರೆ ರಾತ್ರಿ ಎದ್ದು ಹಿಟ್ಟು ಬೀಸೋರು ಯಾರು? ವಾರಕ್ಕೆ 20-25 ಕೆ.ಜಿ. ಮಾಲ್ಟ್, ಮೇಲೆ ಮುದ್ದೆ ಹಿಟ್ಟು, ಇಷ್ಟಕ್ಕೆ ಮನೆಯ ಸಿಂಗಲ್ ಫೇಸಲ್ಲಿ ಓಡೋ 2 ಎಚ್.ಪಿ. ಧಾರಾಳ ಆಯ್ತು. 1 ಎಚ್.ಪಿ. ಅಂದ್ರೆ 746 ವ್ಯಾಟ್, 2 ಎಚ್.ಪಿ. ಒಂದು ಗಂಟೆ ಪೂರ್ತಿ ಲೋಡಲ್ಲಿ ಓಡಿದ್ರೆ ಒಂದೂವರೆ ಯೂನಿಟ್ ಮೇಲೆ ಸ್ವಲ್ಪ. ಪವರ್ ಪ್ಲಗ್ಗು, ಬೇರೆ ವೈರು, ಅರ್ಥಿಂಗು ಹೊಸದಾಗಿ ಹಾಕಿಸಿದ್ವಿ. ಮಾರೋಕೆ ಬೀಸೋರು ಆ ಕನೆಕ್ಷನ್ ಯಾವ ದರಕ್ಕೆ ಬರುತ್ತೆ ಅಂತ ವಿದ್ಯುತ್ ಕಚೇರಿಯಲ್ಲಿ ಕೇಳ್ಕೊಂಡೇ ಶುರು ಮಾಡಿ. ಹಿಟ್ಟು ಮಾರೋಕೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು.

ತಗೊಳ್ಳೋ ಮುಂಚೆ ಪ್ರತಿ ಅಂಗಡಿಗೂ ನಮ್ಮದೇ 5 ಕೆ.ಜಿ. ಮೊಳಕೆ ರಾಗಿ ಹೊತ್ಕೊಂಡು ಹೋಗಿದ್ವಿ. ಅವರು ತೋರಿಸೋಕೆ ಇಟ್ಟಿರೋದು ಗೋಧಿ, ಅದು ಎಲ್ಲಾ ಮಿಲ್ಲಲ್ಲೂ ಚೆನ್ನಾಗೇ ಬರುತ್ತೆ. ನಾಲ್ಕು ವಿಷಯ ನೋಡಿದ್ವಿ. ಒಂದು, ತೂಕ. ದೊಡ್ಡ ಮಿಲ್ಲಿಗೆ 5 ಕೆ.ಜಿ. ಹಾಕಿದ್ರೆ ಹೊರಗೆ ಬಂದದ್ದು 4 ಕೆ.ಜಿ. 600 ಗ್ರಾಂ, ಉಳಿದದ್ದು ಅದರ ಹೊಟ್ಟೆಯಲ್ಲೇ ಕೂತಿತ್ತು. ಸ್ವಲ್ಪ ಸ್ವಲ್ಪ ಬೀಸೋರಿಗೆ ಇದು ಸಲಸಲಕ್ಕೂ ಆಗೋ ನಷ್ಟ. ಎರಡು, ಹಿಟ್ಟಿನೊಳಗೆ ಕೈ ಇಟ್ಟರೆ ಎಷ್ಟು ಬಿಸಿ. ಕೈಗೆ ಸುಡೋ ಹಂಗಿದ್ರೆ ಬೇಡ. ಮೂರು, ಬಟ್ಟೆ ಜರಡಿ ಮತ್ತು ನಾಲಿಗೆ, ಹಲ್ಲಿಗೆ ಕರಕರ ಸಿಗಬಾರದು. ನಾಲ್ಕು, ಮಿಲ್ಲು ಬಿಚ್ಚಿ ಒರೆಸೋಕೆ ಎಷ್ಟು ಹೊತ್ತು. ಸ್ಪ್ಯಾನರ್ ಇಲ್ಲದೆ ಬಾಗಿಲು ತೆಗೆದು ಜಾಲರಿ ಈಚೆ ಎಳೆಯೋಕೆ ಬರೋದನ್ನೇ ಆರಿಸಿದ್ವಿ. ಕಷ್ಟ ಆದ್ರೆ ಯಾರೂ ದಿನಾ ಒರೆಸಲ್ಲ, ಇದು ಎಲ್ಲರ ಮನೆಯ ಸತ್ಯ.

ಮಿಲ್ಲು ಎಷ್ಟೇ ಒಳ್ಳೇದಿದ್ರೂ ಕಾಳು ಸರಿಯಾಗಿರಬೇಕು. ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ, ಚಳಿಗಾಲದಲ್ಲಿ ಇನ್ನೊಂದು ದಿನ. ಒಣಗಿದ ಮೇಲೆ ಬಾಯಿಗೆ ಹಾಕ್ಕೊಂಡ್ರೆ ಕಟ್ ಅನ್ನಬೇಕು. ಹಸಿ ಇದ್ರೆ ಜಾಲರಿ ತೂತು ಕಟ್ಟಿಕೊಳ್ಳುತ್ತೆ, ಹಿಟ್ಟು ಬೇಗ ಮುಗ್ಗುತ್ತೆ. ಕೈಯಲ್ಲಿ ಉಜ್ಜಿ ಬೇರು ಉದುರಿಸಿ ಮೊರದಲ್ಲಿ ಕೇರಬೇಕು, ಬೇರು ಉಳಿದ್ರೆ ಕಹಿ. ಘಮ ಬರೋಷ್ಟು ಹುರಿದ್ರೆ ಸಾಕು, ಕಪ್ಪಗೆ ಹುರಿದ್ರೆ ಆ ಎಂಜೈಮು ಸತ್ತು ಗಂಜಿ ಮತ್ತೆ ಗಟ್ಟಿಯಾಗುತ್ತೆ. ಬೀಸೋ ಮುಂಚೆ ಒಂದು ಅಯಸ್ಕಾಂತ ಕಾಳಿನ ಮೇಲೆ ಆಡಿಸಿ. ರಸ್ತೆ ಮೇಲೆ ಒಕ್ಕಣೆ ಮಾಡಿದ ರಾಗಿಯಲ್ಲಿ ಮೊಳೆ, ತಂತಿ ಚೂರು ಸಿಗ್ತಾವೆ, ಒಂದು ಮೊಳೆ ಸಾಕು ಜಾಲರಿ ಹರಿಯೋಕೆ. ಬೆಲ್ಟಿಗೆ ಗಾರ್ಡ್ ಇಲ್ಲದ ಮಿಷಿನ್ನು ಯಾರು ಎಷ್ಟು ಕಮ್ಮಿಗೆ ಕೊಟ್ರೂ ತರಬೇಡಿ, ಸೆರಗು ಸಿಕ್ಕೋಕೆ ಒಂದು ಕ್ಷಣ. ಬೀಸಿದ ಹಿಟ್ಟನ್ನ ಹರಡಿ ಪೂರ್ತಿ ಆರಿದ ಮೇಲೇ ಕವರಿಗೆ ತುಂಬಿ.

ಸಹಾಯಧನದ ವಿಷಯ: ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಪಿ.ಎಂ.ಎಫ್.ಎಂ.ಇ. ಯೋಜನೆ 2020ರಲ್ಲಿ ಶುರುವಾಯ್ತು, ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡೋ ಯೋಜನೆ ಅದು. ಈಗ ಎಷ್ಟು, ಅರ್ಜಿ ತಗೋತಿದ್ದಾರಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದ್ರೆ ಸಹಾಯಧನ ಸಿಗುತ್ತೆ ಅಂತ ದೊಡ್ಡ ಮಿಷಿನ್ನಿಗೆ ಹೋಗಬೇಡಿ. ನಮ್ಮ ಪಾಲಿನ ದುಡ್ಡೂ ದುಡ್ಡೇ.

ಅತ್ತಿಗೆಯ ಸಂಘದವರು ಸೋಮವಾರ ನೆನೆಹಾಕಿ ಶನಿವಾರ ಬೀಸ್ತಾರೆ. ನಿಮ್ಮ ಮನೆಗೂ ಮಿಲ್ಲು ತರೋ ಯೋಚನೆ ಇದ್ರೆ ಒಂದು ಶನಿವಾರ ಬನ್ನಿ, ನಿಮ್ಮದೇ ಎರಡು ಸೇರು ರಾಗಿ ತನ್ನಿ, ಓಡಿಸಿ ನೋಡ್ಕೊಂಡು ಹೋಗಿ. ಮೆಣಸಿನಕಾಯಿ ಮಾತ್ರ ತರಬೇಡಿ, ಅತ್ತಿಗೆ ಬಾಗಿಲಲ್ಲೇ ನಿಲ್ಲಿಸ್ತಾರೆ.